ಕಾಲು ಕಳೆದರೂ ಶುಕ್ರ್ ಕಳೆದುಕೊಳ್ಳದ ಉರ್ವಾ(ರ)

ರೋಗಿಯ ಸಹನೆಯ ಬಗ್ಗೆ ಮಾತು ಬಂದಾಗ ಅಯ್ಯೂಬ್ ನಬಿ(ಅ)ಯವರ ನಂತರ ನಮ್ಮ ಉಸ್ತಾದರುಗಳ ಬಾಯಲ್ಲಿ ಬರುವ ಹೆಸರು ಉರ್ವಾ ಇಬ್ನು ಝುಬೈರ್(ರ) ಅವರದ್ದು. ಕಾಲು ಕತ್ತರಿಸುವಾಗಲೂ ಅಲ್ಲಾಹನ ಸ್ಮರಣೆಯಲ್ಲಿದ್ದವರು ಅಂತ ಮತ ಪ್ರವಚನಗಳಲ್ಲಿ ಎಲ್ಲರೂ ಕೇಳಿದ್ದೇವೆ. ಆದರೆ ಆ ಒಂದು ಗಳಿಗೆಗೆ ಮೊದಲು ಏನಾಯಿತು, ಆಮೇಲೆ ಅವರು ಹೇಗೆ ಬದುಕಿದರು ಎನ್ನುವುದನ್ನು ಕೇಳಿದವರು ಕಡಿಮೆ. ಮನೆಯಲ್ಲಿ ರೋಗಿ ಇರುವವರಿಗೆ ಬೇಕಾಗಿರುವುದು ಆ ಉಳಿದ ಭಾಗವೇ.

ಉರ್ವಾ(ರ) ಹುಟ್ಟಿದ್ದು ಹಿಜರಿ 23ರ ಸುಮಾರಿಗೆ, ಮದೀನಾದಲ್ಲಿ. ತಂದೆ ಝುಬೈರ್ ಇಬ್ನುಲ್ ಅವ್ವಾಮ್(ರ), ಸ್ವರ್ಗದ ಸುವಾರ್ತೆ ಪಡೆದ ಹತ್ತು ಮಂದಿ ಸಹಾಬಿಗಳಲ್ಲಿ ಒಬ್ಬರು. ತಾಯಿ ಅಸ್ಮಾ(ರ), ಅಬೂಬಕರ್ ಸಿದ್ದೀಕ್(ರ) ಅವರ ಮಗಳು. ಹಾಗಾಗಿ ವಿಶ್ವಾಸಿಗಳ ಮಾತೆ ಆಯಿಷಾ(ರ) ಇವರಿಗೆ ಸ್ವಂತ ಚಿಕ್ಕಮ್ಮ. ಬೇರೆಯವರು ಪರದೆಯಾಚೆ ನಿಂತು ಕೇಳಬೇಕಾದ ಪ್ರಶ್ನೆಗಳನ್ನು ಇವರು ಚಿಕ್ಕಮ್ಮನ ಮನೆಯೊಳಗೆ ಕೂತು ಕೇಳಿದರು. ಆಯಿಷಾ(ರ) ಅವರಿಂದ ಬಂದ ಹದೀಸ್‌ಗಳಲ್ಲಿ ದೊಡ್ಡ ಪಾಲು ನಮಗೆ ಸಿಕ್ಕಿರುವುದು ಈ ಅಕ್ಕನ ಮಗನ ಮೂಲಕ. ಮದೀನಾದ ಏಳು ಮಹಾ ಫುಖಹಾಗಳನ್ನು ಎಣಿಸುವಾಗ ಇವರ ಹೆಸರು ಅದರಲ್ಲಿ ಇದ್ದೇ ಇರುತ್ತದೆ. ಇಮಾಮ್ ಝುಹ್ರಿಯಂತಹ ವಿದ್ವಾಂಸರು ಇವರ ಶಿಷ್ಯರು.

ಯೌವನದಲ್ಲಿ ಒಮ್ಮೆ ಕಅಬಾದ ಬಳಿ ಹಿಜ್ರ್‌ನಲ್ಲಿ ಕೂತಾಗ ಅಣ್ಣತಮ್ಮಂದಿರು ತಮ್ಮ ತಮ್ಮ ಆಸೆ ಹೇಳಿಕೊಂಡರಂತೆ. ಅಣ್ಣ ಅಬ್ದುಲ್ಲಾಹ್(ರ) ಖಿಲಾಫತ್ ಬಯಸಿದರು. ಮುಸ್‌ಅಬ್ ಇರಾಕಿನ ಅಧಿಕಾರ ಬಯಸಿದರು. ಉರ್ವಾ(ರ) ಮಾತ್ರ ಜನ ತನ್ನಿಂದ ಇಲ್ಮ್ ಕಲಿಯುವಂತಾಗಲಿ ಎಂದು ಬಯಸಿದರು. ಮೂವರ ಆಸೆಯೂ ಈಡೇರಿತು. ಆದರೆ ಅಧಿಕಾರ ಸಿಕ್ಕಿದ ಇಬ್ಬರು ಅಣ್ಣತಮ್ಮಂದಿರೂ ಯುದ್ಧದಲ್ಲಿ ಪ್ರಾಣ ಕಳೆದುಕೊಂಡರು. ಮುಸ್‌ಅಬ್ ಹಿಜರಿ 72ರಲ್ಲಿ ಇರಾಕಿನಲ್ಲಿ, ಅಬ್ದುಲ್ಲಾಹ್(ರ) 73ರಲ್ಲಿ ಮಕ್ಕಾದಲ್ಲಿ. ಮಗನ ಮರಣದ ಬೆನ್ನಿಗೇ ವೃದ್ಧ ತಾಯಿ ಅಸ್ಮಾ(ರ) ಕೂಡ ತೀರಿಕೊಂಡರು. ತಂದೆ ಝುಬೈರ್(ರ) ಹತರಾದದ್ದು ಅದಕ್ಕೂ ಎಷ್ಟೋ ಮೊದಲು, ಹಿಜರಿ 36ರಲ್ಲಿ. ಆಗ ಉರ್ವಾ ಇನ್ನೂ ಹುಡುಗ. ಹಿಜರಿ 63ರ ಹರ್ರಾ ಗಲಭೆಯ ದಿನ ತಾನು ಬರೆದಿಟ್ಟಿದ್ದ ಫಿಕ್ಹ್ ಕಿತಾಬ್‌ಗಳನ್ನು ಅವರೇ ಸುಟ್ಟುಹಾಕಿದ್ದರು. ಅವು ಇರಬೇಕಿತ್ತು ಎಂಬ ಕೊರಗು ಕೊನೆಯವರೆಗೂ ಇತ್ತು.

ಇಷ್ಟೆಲ್ಲ ಯಾಕೆ ಹೇಳಿದೆ ಎಂದರೆ, ಕಾಯಿಲೆ ಬಂದ ದಿನ ಇದ್ದಕ್ಕಿದ್ದಂತೆ ಸಬ್ರ್ ಹುಟ್ಟುವುದಿಲ್ಲ. ಉರ್ವಾ(ರ) ಅದನ್ನು ವರ್ಷಗಟ್ಟಲೆ ಕೂಡಿಟ್ಟವರು. ಹಗಲಲ್ಲಿ ಕುರ್‌ಆನಿನ ಕಾಲು ಭಾಗವನ್ನು ಮುಸ್‌ಹಫ್ ನೋಡಿ ಓದುವುದು, ರಾತ್ರಿ ಅದನ್ನೇ ನಮಾಝಿನಲ್ಲಿ ನಿಂತು ಓದುವುದು ಅವರ ನಿತ್ಯದ ರೂಢಿ. ಖರ್ಜೂರ ಹಣ್ಣಾಗುವ ಕಾಲದಲ್ಲಿ ತೋಟದ ಗೋಡೆಯನ್ನು ಒಂದು ಕಡೆ ಒಡೆಸಿ ಬಿಡುತ್ತಿದ್ದರು. ಜನ ಒಳಗೆ ಬಂದು ತಿನ್ನಬಹುದು, ಕಟ್ಟಿಕೊಂಡೂ ಹೋಗಬಹುದು. ಕೈಯಲ್ಲಿರುವುದು ತನ್ನದಲ್ಲ, ಕೊಟ್ಟವನದ್ದು ಎಂಬ ಪಾಠವನ್ನು ಹೀಗೆ ಪ್ರತಿ ವರ್ಷ ತನಗೆ ತಾನೇ ಕಲಿಸಿಕೊಳ್ಳುತ್ತಿದ್ದರು ಅನ್ನಬಹುದು.

ಅರವತ್ತು ದಾಟಿದ ಮೇಲೆ ಅವರು ಖಲೀಫಾ ವಲೀದ್ ಇಬ್ನು ಅಬ್ದುಲ್ ಮಲಿಕ್ ಅವರನ್ನು ಕಾಣಲು ಶಾಮಿಗೆ ಹೊರಟರು. ಮಗ ಮುಹಮ್ಮದ್ ಜೊತೆಗಿದ್ದ. ಈ ಪ್ರಯಾಣದಲ್ಲಿ ಅವರ ಕಾಲಿಗೆ ಹುಣ್ಣು ಹತ್ತಿತು. ಅರಬರು ಅದನ್ನು ಆಕಿಲಾ ಅನ್ನುತ್ತಿದ್ದರು, ಅಂದರೆ ತಿನ್ನುವ ರೋಗ. ಮಾಂಸ ಕೊಳೆಯುತ್ತಾ ಮೇಲಕ್ಕೆ ಏರುತ್ತದೆ. ಖಲೀಫಾ ತನ್ನ ವೈದ್ಯರನ್ನು ಕರೆಸಿದರು. ಅವರು ನೋಡಿ, ಕಾಲು ತೆಗೆಯದಿದ್ದರೆ ಜೀವಕ್ಕೇ ಅಪಾಯ ಎಂದು ತಿಳಿಸಿದರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಉರ್ವಾ(ರ) ಆ ಕಾಲದ ಅತಿ ದೊಡ್ಡ ಆಲಿಮ್‌ಗಳಲ್ಲಿ ಒಬ್ಬರು. ದುಆ ಮಾಡುತ್ತೇನೆ, ಗುಣವಾಗುತ್ತದೆ, ಕತ್ತಿ ಬೇಡ ಎಂದು ಅವರು ಹೇಳಲಿಲ್ಲ. ಊರಿಗೆ ಹೋಗಿ ನೋಡೋಣ ಎಂದು ದಿನ ದೂಡಲಿಲ್ಲ. ವೈದ್ಯರ ಮಾತಿಗೆ ಒಪ್ಪಿದರು. ನೋವು ತಿಳಿಯದ ಹಾಗೆ ಅಮಲಿನ ಪಾನೀಯ ಕೊಡುತ್ತೇವೆ ಎಂದಾಗ ಅದನ್ನು ಬೇಡವೆಂದರು. ಹಿಡಿದುಕೊಳ್ಳಲು ಬಂದ ಜನರನ್ನೂ ಹಿಂದೆ ಕಳಿಸಿದರು. ಗರಗಸದಿಂದ ಕಾಲು ಕತ್ತರಿಸಿದರು, ರಕ್ತ ನಿಲ್ಲಲು ಕಾದ ಎಣ್ಣೆಯಲ್ಲಿ ಸುಟ್ಟರು. ಆ ಹೊತ್ತಿನಲ್ಲಿ ಅವರ ನಾಲಗೆಯಲ್ಲಿ ತಹ್ಲೀಲ್, ತಕ್ಬೀರ್ ಬಿಟ್ಟು ಬೇರೆ ಇರಲಿಲ್ಲ. ಎಚ್ಚರವಾದ ಮೇಲೆ ಆ ತುಂಡಾದ ಕಾಲನ್ನು ತರಿಸಿ ಕೈಯಲ್ಲಿ ಹಿಡಿದು, ಅದರ ಮೇಲೆ ತಾನು ಹರಾಮಿನ ಕಡೆಗೆ ನಡೆದಿಲ್ಲ ಎಂಬುದು ಅಲ್ಲಾಹನಿಗೆ ತಿಳಿದಿದೆ ಎಂದು ಸಮಾಧಾನಪಟ್ಟರು. ಅಂದು ಒಂದು ರಾತ್ರಿ ಮಾತ್ರ ಅವರ ನಿತ್ಯದ ಓದು ತಪ್ಪಿತು. ಮಾರನೆಯ ರಾತ್ರಿ ಮತ್ತೆ ಶುರುವಾಯಿತು.

ಅದೇ ಪ್ರಯಾಣದಲ್ಲಿ ಇನ್ನೊಂದು ಆಘಾತ. ಖಲೀಫಾರ ಲಾಯಕ್ಕೆ ಹೋದ ಮಗ ಮುಹಮ್ಮದ್‌ಗೆ ಅಲ್ಲಿದ್ದ ಪ್ರಾಣಿ ಒದ್ದು, ಆತ ಅಲ್ಲೇ ತೀರಿಕೊಂಡ. ಪರವೂರು, ಕಾಲಿಲ್ಲ, ಬೆಳೆದ ಮಗನ ಮಯ್ಯಿತ್ ಬೇರೆ. ಉರ್ವಾ(ರ) ಲೆಕ್ಕ ಹಾಕಿದರು. ಏಳು ಗಂಡುಮಕ್ಕಳಲ್ಲಿ ಒಬ್ಬನನ್ನು ಕರೆದುಕೊಂಡು ಆರು ಮಂದಿಯನ್ನು ಉಳಿಸಿದ್ದಾನೆ. ಎರಡು ಕೈ ಎರಡು ಕಾಲಲ್ಲಿ ಒಂದನ್ನು ತೆಗೆದು ಮೂರನ್ನು ಬಿಟ್ಟಿದ್ದಾನೆ. ಹೋದದ್ದನ್ನು ಕೊಟ್ಟವನೂ ಅವನೇ, ಉಳಿಸಿದವನೂ ಅವನೇ ಎಂದು ಅಲ್ಲಾಹನನ್ನು ಸ್ತುತಿಸಿದರು. ನೋವಿಲ್ಲ ಎಂದು ನಟಿಸುವ ಮಾತಲ್ಲ ಇದು. ಮದೀನಾಕ್ಕೆ ಹಿಂದಿರುಗುವಾಗ, ಕಹ್ಫ್ ಸೂರಾದಲ್ಲಿ ಮೂಸಾ ನಬಿ(ಅ) ತನ್ನ ಪ್ರಯಾಣದ ದಣಿವನ್ನು ಹೇಳಿಕೊಂಡ ಆಯತನ್ನು ಅವರು ಓದಿದರು ಎಂದು ವರದಿ ಉಂಟು. ದಣಿವಾಯಿತು ಎಂದು ಹೇಳಬಹುದು, ಅದು ಸಬ್ರಿಗೆ ವಿರುದ್ಧ ಅಲ್ಲ.

ಆ ದಿನಗಳಲ್ಲೇ ಬನೂ ಅಬ್ಸ್ ಗೋತ್ರದ ಒಬ್ಬ ಕುರುಡ ಖಲೀಫಾರ ಬಳಿ ಬಂದಿದ್ದ. ಅವನ ಮನೆ, ಜಾನುವಾರು, ಸಂಸಾರ ಎಲ್ಲ ಒಂದೇ ರಾತ್ರಿಯ ನೆರೆಯಲ್ಲಿ ಹೋಗಿತ್ತು. ಉಳಿದದ್ದು ಒಂದು ಒಂಟೆ, ಒಂದು ಹಸುಗೂಸು. ಓಡಿದ ಒಂಟೆಯನ್ನು ಹಿಡಿಯಲು ಹೋದಾಗ ಕೂಸನ್ನು ತೋಳ ಹಿಡಿಯಿತು. ಒಂಟೆ ಮುಖಕ್ಕೆ ಒದ್ದು ಕಣ್ಣೂ ಹೋಯಿತು. ವಲೀದ್ ಈ ಮನುಷ್ಯನನ್ನು ಉರ್ವಾ(ರ) ಅವರ ಹತ್ತಿರ ಕಳಿಸಿದರು, ತನಗಿಂತ ಹೆಚ್ಚು ಕಳೆದುಕೊಂಡವರು ಇದ್ದಾರೆ ಎಂದು ಅವರಿಗೆ ತಿಳಿಯಲಿ ಎಂದು. ಮದೀನಾ ತಲುಪಿದ ಮೇಲೆ ತಲ್ಹಾ(ರ) ಅವರ ಮನೆತನದ ಒಬ್ಬರು ನೋಡಲು ಬಂದರು. ನಿಮ್ಮನ್ನು ನಾವು ಓಟಕ್ಕೋ ಕುಸ್ತಿಗೋ ಇಟ್ಟುಕೊಂಡಿರಲಿಲ್ಲ, ನಮಗೆ ಬೇಕಾದ ನಿಮ್ಮ ಇಲ್ಮ್ ಮತ್ತು ಸಲಹೆಯನ್ನು ಅಲ್ಲಾಹ್ ಉಳಿಸಿಕೊಟ್ಟಿದ್ದಾನೆ ಎಂಬ ಅರ್ಥದ ಮಾತು ಅವರದ್ದು. ಉರ್ವಾ(ರ) ಅವರಿಗೆ ಎಲ್ಲರ ಸಾಂತ್ವನಕ್ಕಿಂತ ಇದು ಹಿಡಿಸಿತು.

ರೋಗಿಯನ್ನು ನೋಡಲು ಹೋಗುವ ನಾವು ಏನು ಮಾತಾಡುತ್ತೇವೆ? ಇಂಥವನಿಗೂ ಹೀಗೇ ಆಗಿತ್ತು, ಉಳಿಯಲಿಲ್ಲ ಅಂತ ರೋಗಿಯ ಮಂಚದ ಪಕ್ಕದಲ್ಲೇ ಹೇಳುವವರಿದ್ದಾರೆ. ಅಥವಾ ಸಬ್ರ್ ಮಾಡಿ ಎಂದು ಒಂದು ಮಾತು ಹೇಳಿ ಚಾ ಕುಡಿದು ಎದ್ದು ಬರುತ್ತೇವೆ. ನಿಮ್ಮಿಂದ ನಮಗೆ ಇನ್ನೂ ಬೇಕಾದದ್ದು ಉಂಟು ಎಂದು ಹೇಳುವವರು ಎಷ್ಟು ಮಂದಿ? ಕಾಲು ಹೋದ ಬಾಪನಿಗೆ ಮನೆಯ ಲೆಕ್ಕಪತ್ರ ನೋಡಲು ಕೊಡಬಹುದು, ಮೊಮ್ಮಕ್ಕಳಿಗೆ ಕುರ್‌ಆನ್ ಓದಿಸಲು ಹೇಳಬಹುದು, ಮದುವೆ ಮಾತುಕತೆಗೆ ಕುರ್ಚಿ ಹಾಕಿ ಕೂರಿಸಬಹುದು.

ಉರ್ವಾ(ರ) ಆ ಕಾಲಿಲ್ಲದೆ ಸುಮಾರು ಎಂಟು ವರ್ಷ ಬದುಕಿದರು ಎಂದು ಇತಿಹಾಸಕಾರ ಇಬ್ನು ಖಲ್ಲಿಕಾನ್ ಹೇಳುತ್ತಾರೆ. ಮಗ ಹಿಶಾಮ್ ತಂದೆಯಿಂದ ಕೇಳಿದ ಹದೀಸ್‌ಗಳನ್ನು ಮುಂದಿನ ತಲೆಮಾರಿಗೆ ಮುಟ್ಟಿಸಿದರು. ಹಿಜರಿ 94ರಲ್ಲಿ (ಕ್ರಿ.ಶ. 713ರ ಸುಮಾರಿಗೆ) ಉರ್ವಾ(ರ) ವಫಾತಾದರು. ಅಂದೂ ಅವರು ಉಪವಾಸದಲ್ಲಿದ್ದರು. ಅದೇ ವರ್ಷ ಮದೀನಾದ ಹಲವು ವಿದ್ವಾಂಸರು ತೀರಿಕೊಂಡದ್ದರಿಂದ ಅದಕ್ಕೆ ಫುಖಹಾಗಳ ವರ್ಷ ಎಂದೇ ಹೆಸರು ಬಂತು.

ಒಳ್ಳೆಯ ಮನಸ್ಸಿದ್ದರೆ ರೋಗವೇ ಓಡುತ್ತದೆ ಎಂದು ಕೆಲವರು ಹೇಳುವುದುಂಟು. ಉರ್ವಾ(ರ) ಅವರ ಜೀವನ ಹಾಗೆ ಹೇಳುವುದಿಲ್ಲ. ಅಷ್ಟು ದೃಢ ಮನಸ್ಸು ಇದ್ದರೂ ಅವರ ಹುಣ್ಣು ನಿಲ್ಲಲಿಲ್ಲ, ಅದನ್ನು ನಿಲ್ಲಿಸಿದ್ದು ವೈದ್ಯರ ಗರಗಸ. ಮನಸ್ಸು ಮಾಡಿದ ಕೆಲಸ ಬೇರೆ. ಸರಿಯಾದ ಹೊತ್ತಿಗೆ ಒಪ್ಪಿಗೆ ಕೊಡಿಸಿತು, ನೋವನ್ನು ತಾಳಿಸಿತು, ಉಳಿದ ಆಯುಸ್ಸನ್ನು ಹಾಳಾಗದಂತೆ ಕಾಯಿತು. ಹಾಗಾದ್ದರಿಂದ ಕಾಯಿಲೆ ಗುಣವಾಗದವನ ಈಮಾನ್ ಕಡಿಮೆ ಎಂದು ಯಾರೂ ಭಾವಿಸಬಾರದು.

ಇವತ್ತು ನಮ್ಮ ಮನೆಗಳಲ್ಲಿ ಇದೇ ಕಥೆ ಶುಗರ್ ರೂಪದಲ್ಲಿ ಬರುತ್ತಿದೆ. ಶುಗರ್ ಹೆಚ್ಚಾದವರ ಪಾದಕ್ಕೆ ಸ್ಪರ್ಶ ಕಡಿಮೆಯಾಗುತ್ತದೆ, ರಕ್ತ ಸರಿಯಾಗಿ ಹರಿಯುವುದಿಲ್ಲ. ಗಾಯವಾದದ್ದೇ ಗೊತ್ತಾಗುವುದಿಲ್ಲ. ಗೊತ್ತಾದಾಗಲೂ ಮಕ್ಕಳು ಗಲ್ಫಿನಿಂದ ಬರಲಿ, ಮದುವೆ ಮುಗಿಯಲಿ ಎಂದು ಬಟ್ಟೆ ಸುತ್ತಿ ಅಡಗಿಸುವವರಿದ್ದಾರೆ. ಬೆರಳಲ್ಲಿ ಮುಗಿಯಬೇಕಾದದ್ದು ಮೊಣಕಾಲಿಗೆ ಬರುತ್ತದೆ. ದಿನಕ್ಕೆ ಐದು ಸಲ ವುಳೂವಿಗೆ ಕಾಲು ತೊಳೆಯುವವರು ನಾವು. ಬೆರಳ ಸಂದು, ಹಿಮ್ಮಡಿ, ಅಂಗಾಲನ್ನು ಆಗಲೇ ಒಮ್ಮೆ ನೋಡಿದರೆ, ಆಮೇಲೆ ಒರೆಸಿ ಒಣಗಿಸಿದರೆ ಎಷ್ಟೋ ಕಾಲುಗಳು ಉಳಿದಾವು.

ಅರಿವಳಿಕೆ ಮದ್ದು ತೆಗೆದುಕೊಳ್ಳಲು ಹೆದರುವವರಿಗೂ ಒಂದು ಮಾತು. ಕೊಳೆತ ಅಂಗವನ್ನು ಕತ್ತರಿಸಲು ಪ್ರಜ್ಞೆ ತಪ್ಪಿಸುವ ಮದ್ದು ಬಳಸಲು ನಮ್ಮ ಶಾಫಿಈ ಫಿಕ್ಹ್‌ನಲ್ಲಿ ಅನುಮತಿ ಉಂಟು. ಉರ್ವಾ(ರ) ಬಿಟ್ಟದ್ದು ಅವರ ಸ್ವಂತ ಆಯ್ಕೆ, ನಮ್ಮ ಮೇಲೆ ಕಡ್ಡಾಯವಲ್ಲ. ಕಾಲು ಹೋದವರಿಗೆ ನಮಾಝ್ ಬಿಟ್ಟುಹೋಯಿತು ಎಂಬ ಚಿಂತೆಯೂ ಬೇಡ. ಪಾದದ ಗಂಟಿನ ಮೇಲಿನಿಂದ ಕಾಲು ತೆಗೆದಿದ್ದರೆ ಆ ಕಾಲನ್ನು ತೊಳೆಯುವ ಫರ್ಳ್ ಇಲ್ಲ. ನಿಲ್ಲಲಾಗದವನು ಕೂತು ನಮಾಝ್ ಮಾಡಬಹುದು. ಮಸೀದಿಗೆ ಬರಲು ನಾಚಬೇಕಾಗಿಲ್ಲ, ಅವರಿಗೆ ಜಾಗ ಬಿಡುವುದು ನಮ್ಮ ಕೆಲಸ.

ರೋಗದಲ್ಲಿರುವ ಎಲ್ಲರಿಗೂ ಅಲ್ಲಾಹ್ ಶಿಫಾ ಕರುಣಿಸಲಿ. ಹೋದದ್ದರ ಜೊತೆಗೆ ಉಳಿದದ್ದನ್ನೂ ಎಣಿಸುವ ಮನಸ್ಸು ನಮಗೆ ಕೊಡಲಿ. ಆಮೀನ್.