ಕರ್ನಲ್ ಮೆಕೆಂಜಿ ಮತ್ತು ಅವರಿಗೆ ಕಣ್ಣಾದವರು

ಹದಿನೆಂಟನೆಯ ಶತಮಾನದ ಯುರೋಪಿನಲ್ಲಿ ಹಾಳುಬಿದ್ದ ಕಟ್ಟಡಗಳ ಚಿತ್ರಗಳಿಗೆ ಬಹಳ ಬೇಡಿಕೆಯಿತ್ತು. ಪಿರನೇಸಿ (1720–1778) ರೋಮಿನ ಅವಶೇಷಗಳನ್ನು ತಾಮ್ರದ ತಗಡಿನಲ್ಲಿ ಕೊರೆದು ಅಚ್ಚೊತ್ತಿದರೆ, ಶ್ರೀಮಂತ ಯಾತ್ರಿಕರು ಕೊಂಡೊಯ್ಯುತ್ತಿದ್ದರು. ಅದೇ ಶತಮಾನದಲ್ಲಿ ಹುಟ್ಟಿ ನಮ್ಮ ನಾಡಿನ ಹಾಳುಗುಡಿಗಳನ್ನು ಕಾಗದಕ್ಕಿಳಿಸಿದವರು ಕಾಲಿನ್ ಮೆಕೆಂಜಿ ಸಾಹೇಬರು.

ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದಲ್ಲಿ ಹುಟ್ಟಿದ ಇವರಿಗೆ ಸೀಫೋರ್ತಿನ ಪ್ರಭುಗಳ ಆಶ್ರಯ ದೊರೆಯಿತು. 1783ರಲ್ಲಿ ಕಂಪೆನಿಯ ಸೈನ್ಯದಲ್ಲಿ ಕೆಲಸ ಸಿಕ್ಕಿ ಮದ್ರಾಸಿಗೆ ಬಂದರು. 1799ರಲ್ಲಿ ಟಿಪ್ಪು ಸುಲ್ತಾನರು ಮಡಿದು, ನಮ್ಮ ಕೆನರಾ ಸೀಮೆ ಕಂಪೆನಿಯ ಕೈಸೇರಿತು. ಆಗ ಮೈಸೂರು ಸೀಮೆಯ ಸರ್ವೆ ಇವರ ಪಾಲಿಗೆ ಬಂತು. ಹಂಪಿಯ ಅವಶೇಷಗಳ ನಕ್ಷೆ ತಯಾರಾದದ್ದೂ ಅದೇ ಸುಮಾರಿಗೆ. ಅಮರಾವತಿಯ ಸ್ತೂಪದ ಕೆಲವು ಕಲ್ಲುಗಳು ಈಗ ಇವರು ಬರೆಯಿಸಿದ ಚಿತ್ರಗಳಲ್ಲಿ ಮಾತ್ರ ಉಳಿದಿವೆ.

ಆದರೆ ಸಾಹೇಬರಿಗೆ ನಮ್ಮ ಭಾಷೆಗಳು ಬರುತ್ತಿರಲಿಲ್ಲ. ಚಿತ್ರ ಬರೆಯಿಸಬಹುದು, ಶಾಸನ ಓದುವವರು ಯಾರು? ತೆಲುಗಿನ ಕಾವಲಿ ವೆಂಕಟ ಬೊರಯ್ಯ, ಜೈನ ಪಂಡಿತ ಧರ್ಮಯ್ಯ ಮುಂತಾದವರೇ ಅವರಿಗೆ ಕಣ್ಣಾದರು. ಊರೂರು ಅಲೆದು ತಾಳೆಗರಿ, ಶಾಸನ, ಕೈಫಿಯತ್ತುಗಳನ್ನು ಕೂಡಿಸಿದರು. ಬೊರಯ್ಯ 1803ರಲ್ಲಿ ಎಳೆಯ ಪ್ರಾಯದಲ್ಲೇ ತೀರಿಕೊಂಡಾಗ ತಮ್ಮ ಲಕ್ಷ್ಮಯ್ಯ ಆ ಹೊಣೆ ಹೊತ್ತರು.

1815ರಲ್ಲಿ ಮೆಕೆಂಜಿ ಇಡೀ ಭಾರತದ ಮೊದಲ ಸರ್ವೇಯರ್ ಜನರಲ್ ಆದರು. 1821ರ ಮೇ 8ರಂದು ತೀರಿಕೊಂಡರು. ಅವರ ಸಂಗ್ರಹವನ್ನು ಸರಕಾರವು ವಿಧವೆಯಿಂದ ಒಂದು ಲಕ್ಷ ರೂಪಾಯಿಗೆ ಕೊಂಡಿತು. ಒಂದಷ್ಟು ಲಂಡನ್ನಿಗೆ ಹೋಯಿತು; ದೇಶಭಾಷೆಗಳ ಬಹುಪಾಲು ಕಾಗದ ಮದ್ರಾಸಿನಲ್ಲಿ ಉಳಿಯಿತು. ಕೆಲಸ ಮುಂದುವರಿಸುತ್ತೇನೆಂದು ಲಕ್ಷ್ಮಯ್ಯ ಕೇಳಿಕೊಂಡರು. ಕಲ್ಕತ್ತೆಯ ಏಶಿಯಾಟಿಕ್ ಸೊಸೈಟಿಯು ಅಷ್ಟು ಯೋಗ್ಯತೆ ಅವರಿಗಿಲ್ಲವೆಂದು ಬಗೆಯಿತು. ಆ ಕಾಗದಗಳನ್ನು ಅವರಷ್ಟು ಬಲ್ಲವರು ಬೇರೆ ಯಾರಿದ್ದರೋ ನಮಗೆ ತಿಳಿಯದು!

ಆ ರಾಶಿಯ ಕನ್ನಡ ಭಾಗ ಅಚ್ಚಾಗಿ ಜನರ ಕೈಗೆ ಬರಲು ಬಹುಕಾಲ ಹಿಡಿಯಿತು. ಎಂ. ಎಂ. ಕಲಬುರ್ಗಿಯವರು ಸಂಪಾದಿಸಿದ ಕರ್ನಾಟಕದ ಕೈಫಿಯತ್ತುಗಳನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯವು 1994ರಲ್ಲಿ ಪ್ರಕಟಿಸಿತು. ಸಾಹೇಬರು ಅಳೆದ ಹಾಳೂರಿನಿಂದಲೇ ಅವರ ಕಾಗದಗಳು ಹೊರಬಂದದ್ದು ಸಂತೋಷದ ಸಂಗತಿ.

ಆಶ್ರಯದಾತರ ಹಣದಿಂದ ಚಿತ್ರ ಉಳಿಯುತ್ತದೆ, ಕಾಗದವೂ ಉಳಿಯುತ್ತದೆ. ಅದರ ಅರ್ಥ ಉಳಿಯಬೇಕಾದರೆ ಲಿಪಿ ಬಲ್ಲವರು ಬೇಕು. ಶಾಸನಗಳನ್ನು ಬೆನ್ನಟ್ಟಿ ಇತಿಹಾಸ ಸೋಸಿದ ಗೋವಿಂದ ಪೈಗಳು (1883–1963) ಬಾಳಿದ ಮಂಜೇಶ್ವರದಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ದೇವಸ್ಥಾನಗಳ ಅಂಗಳದಲ್ಲಿ, ಮನೆಯ ಅಟ್ಟದಲ್ಲಿ ಕನ್ನಡದ ಕಲ್ಲು, ಕಡತ ಇನ್ನೂ ಇವೆ. ಮಕ್ಕಳಿಗೆ ಕನ್ನಡ ಅಕ್ಷರ ಕಲಿಸಿದರೆ ನಾಳೆ ಅವನ್ನು ಓದಲು ಇನ್ನೊಬ್ಬ ಸಾಹೇಬರ ದಾರಿ ಕಾಯಬೇಕಾಗದು.