ರಹೀಮ್ ಸಾಹೇಬ್: ವಾಡಿ ಜಂಕ್ಷನ್ ದಾಟಿ ಹೋದ ಸಾಲಿ ಮಾಸ್ತರ

2021ರ ಆಗಸ್ಟ್ 22, ಭಾನುವಾರ. ಕಲಬುರಗಿಯ ಆಸ್ಪತ್ರೆಯೊಂದರಲ್ಲಿ 82 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಹೆಸರು ಸಯ್ಯದ್ ಶಾಹಿದ್ ಹಕೀಮ್. 1960ರ ರೋಮ್ ಒಲಿಂಪಿಕ್ಸ್‌ಗೆ ಹೋದ ಭಾರತ ಫುಟ್‌ಬಾಲ್ ತಂಡದಲ್ಲಿದ್ದವರು. ವಾಯುಪಡೆಯಲ್ಲಿ ಸ್ಕ್ವಾಡ್ರನ್ ಲೀಡರ್ ಆಗಿದ್ದವರು. ಮುಂದೆ ಕೋಚ್ ಆದರು, ಫಿಫಾ ರೆಫರಿಯೂ ಆದರು. ನಾನಾಗ ವಾಡಿಯಲ್ಲಿದ್ದೆ. ಕಲಬುರಗಿ ಅಲ್ಲಿಂದ ಕೂಗಳತೆ ಅಂತಲೇ ಅನ್ನಬೇಕು, ರೈಲು ಹತ್ತಿದರೆ ಮುಗೀತು. ಆದರೂ ಸುದ್ದಿ ನನಗೆ ತಲುಪಿದ್ದು ಮೊಬೈಲಿನಲ್ಲಿ, ಎಲ್ಲೋ ದೂರದ ಇಂಗ್ಲಿಷ್ ಜಾಲತಾಣದಿಂದ. ಅದರ ಎರಡನೇ ಸಾಲಿನಲ್ಲಿ ಅವರ ತಂದೆಯ ಹೆಸರಿತ್ತು: ಸಯ್ಯದ್ ಅಬ್ದುಲ್ ರಹೀಮ್.

ಆ ಹೆಸರು ನನಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಅಂತ ಹೇಳಿಕೊಳ್ಳೋಕೆ ಈಗ ನಾಚಿಕೆ ಆಗತ್ತೆ. 2024ರಲ್ಲಿ ಅಜಯ್ ದೇವಗನ್ ‘ಮೈದಾನ್’ ಸಿನಿಮಾದಲ್ಲಿ ರಹೀಮ್ ಆಗಿ ಕಾಣಿಸಿಕೊಂಡ ಮೇಲೆ ನಿಮ್ಮಲ್ಲಿ ಬಹಳ ಮಂದಿಗೆ ಗೊತ್ತಾಗಿರಬಹುದು. ಸಿನಿಮಾ ನೋಡಿ ಚಪ್ಪಾಳೆ ಹೊಡೆದವರಲ್ಲಿ ನಾನೂ ಒಬ್ಬ. ಆದರೆ ಆ ಮನುಷ್ಯ ಬದುಕಿನ ಬಹುಭಾಗ ನಮ್ಮದೇ ರಾಜ್ಯದವರಾಗಿದ್ದರು ಅನ್ನೋದನ್ನ ಯಾರೂ ಹೇಳಲಿಲ್ಲ. 1956ರ ಅಕ್ಟೋಬರ್ 31ರವರೆಗೆ ಸೇಡಂ, ಚಿತ್ತಾಪುರ, ಚಿಂಚೋಳಿ, ಶಹಾಬಾದ್ ಎಲ್ಲವೂ ಹೈದರಾಬಾದ್ ರಾಜ್ಯದ ಗುಲ್ಬರ್ಗಾ ಜಿಲ್ಲೆ. ನಮ್ಮಜ್ಜ ಸೇಡಮ್ಮಿನ ಸಾಲಿಯಲ್ಲಿ ಮಗ್ಗಿ ಕಲಿತಿದ್ದು ಉರ್ದುವಿನಲ್ಲಿ. ಅದೇ ಕಾಲಕ್ಕೆ ಅದೇ ರಾಜ್ಯದ ರಾಜಧಾನಿಯಲ್ಲಿ ರಹೀಮ್ ಸಾಲಿ ಮಾಸ್ತರರಾಗಿದ್ದರು.

1909ರ ಆಗಸ್ಟ್ 17ರಂದು ಹೈದರಾಬಾದಿನಲ್ಲಿ ಹುಟ್ಟಿದ ರಹೀಮ್ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿದರು, ಅದರ ತಂಡದಲ್ಲಿ ಆಡಿದರು. ಆಮೇಲೆ ಸ್ಥಳೀಯ ಕ್ಲಬ್ಬುಗಳಲ್ಲಿ ಒಳ್ಳೆ ಆಟಗಾರ ಅನ್ನಿಸಿಕೊಂಡರು. ಹೊಟ್ಟೆಪಾಡು ಮಾತ್ರ ಮೇಷ್ಟ್ರ ಕೆಲಸ. ಕಾಚಿಗುಡ, ಚಾದರ್‌ಘಾಟ್ ಕಡೆಯ ಶಾಲೆಗಳಲ್ಲಿ ಪಾಠ ಹೇಳಿದರು. ಬಿ.ಎ. ಆದ ಮೇಲೆ ದೈಹಿಕ ಶಿಕ್ಷಣದ ಡಿಪ್ಲೊಮಾ ಮಾಡಿಕೊಂಡು ಶಾಲೆಯ ಆಟೋಟದ ಹೊಣೆ ಹೊತ್ತರು. ನಮ್ಮ ಕಡೆ ಪಿ.ಟಿ. ಮಾಸ್ತರ ಅಂತೀವಲ್ಲ, ಅದೇ. 1940ರ ದಶಕದಲ್ಲಿ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯೂ ಆದರು. ಕೋಚೂ ಅವರೇ, ಸಂಸ್ಥೆ ನಡೆಸೋರೂ ಅವರೇ. ಇವತ್ತು ಯಾರಾದರೂ ಹೀಗೆ ಎರಡು ಕುರ್ಚಿ ಮೇಲೆ ಕೂತರೆ ನಾನೇ ಮೊದಲು ಪ್ರಶ್ನೆ ಕೇಳ್ತೀನಿ. ಅವರ ವಿಷಯದಲ್ಲಿ ಕುರ್ಚಿಗಿಂತ ಮೈದಾನದಲ್ಲೇ ಹೆಚ್ಚು ಹೊತ್ತು ಕಳೆದರು ಅನ್ನೋದು ಒಂದು ಸಮಾಧಾನ.

ಮೈದಾನದಲ್ಲಿ ಏನು ಮಾಡಿದರು ಅನ್ನೋದು ನನಗೆ ಅವರ ಪದಕಗಳಿಗಿಂತ ಹೆಚ್ಚು ಮುಖ್ಯ ಅನ್ನಿಸತ್ತೆ. ಹುಡುಗರಿಗಾಗಿ ಟೂರ್ನಮೆಂಟ್ ಇಟ್ಟರು, ಆದರೆ ನಿಯಮ ಬೇರೆ. ಒಂದರಲ್ಲಿ ಬಲಗಾಲಿನವರು ಎಡಗಾಲಲ್ಲೇ ಒದೀಬೇಕು. ಸೊಟ್ಟ ಕಾಲು ಸರಿ ಆಗಬೇಕಾದರೆ ಅದಕ್ಕೆ ಕೆಲಸ ಕೊಡಬೇಕು ಅನ್ನೋ ಸರಳ ಲೆಕ್ಕ. ಇನ್ನೊಂದರಲ್ಲಿ ಡ್ರಿಬ್ಲಿಂಗ್ ನಿಷಿದ್ಧ. ಚೆಂಡು ಬಂತೋ, ಪಾಸ್ ಮಾಡು, ಓಡು, ಮತ್ತೆ ಇಸಕೋ. ಒಬ್ಬನೇ ನಾಲ್ಕು ಜನರನ್ನ ದಾಟಿಸಿಕೊಂಡು ಮೆರೆಯೋ ಆಟಕ್ಕೆ ಅಲ್ಲಿ ಜಾಗವಿರಲಿಲ್ಲ. ಇದಕ್ಕೆಲ್ಲ ಸರ್ಕಾರದ ಅನುದಾನ ಬೇಕಾಗಲಿಲ್ಲ. ಬಯಲು, ಚೆಂಡು, ತಲೆ ಓಡಿಸೋ ಒಬ್ಬ ಮಾಸ್ತರ, ಇಷ್ಟೇ ಸಾಕಾಗಿತ್ತು. ಸಿಕಂದರಾಬಾದ್ ಪಕ್ಕದ ಹಳ್ಳಿಯ ಬಡ ಹುಡುಗ ತುಳಸಿದಾಸ್ ಬಲರಾಮ್‌ನ ಆಟ ಕಂಡು, ಅಭ್ಯಾಸಕ್ಕೆ ಬರೋಕೆ ಸೈಕಲ್ ಬಾಡಿಗೆಯನ್ನ ತಾವೇ ಕೊಟ್ಟರು ಅಂತ ಮುಂದೆ ಬಲರಾಮ್ ನೆನೆಸಿಕೊಂಡಿದ್ದಾರೆ. ಆ ಹುಡುಗ ಎರಡು ಒಲಿಂಪಿಕ್ಸ್ ಆಡಿದ.

1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಭಾರತಕ್ಕೆ ಸೇರಿತು. ಅದಕ್ಕೂ ಮೊದಲು ರಜಾಕಾರರು ನಮ್ಮ ಹಳ್ಳಿಗಳಲ್ಲಿ ಮಾಡಿದ್ದನ್ನ ನಾವು ಪ್ರತಿ ವರ್ಷ ನೆನೀತೀವಿ, ನೆನೀಬೇಕು. ಅದಾದ ಮೇಲೆ ಇದೇ ಗುಲ್ಬರ್ಗಾ, ಬೀದರ್ ಜಿಲ್ಲೆಗಳಲ್ಲಿ ಮುಸ್ಲಿಮರ ಮೇಲೆ ನಡೆದದ್ದನ್ನ ಸುಂದರಲಾಲ್ ಸಮಿತಿ ಬರೆದಿಟ್ಟಿದೆ, ಅದನ್ನ ಯಾವ ವೇದಿಕೆ ಮೇಲೂ ಯಾರೂ ಓದಲ್ಲ. ಆ ಗಾಯ ಹಸಿ ಇರುವಾಗಲೇ, 1950ರಲ್ಲಿ, ರಹೀಮ್ ತರಬೇತಿಯ ಹೈದರಾಬಾದ್ ಸಿಟಿ ಪೊಲೀಸ್ ತಂಡ ಮುಂಬೈಗೆ ಹೋಗಿ ರೋವರ್ಸ್ ಕಪ್ ಗೆದ್ದಿತು. ಅದೇ ವರ್ಷ ಡ್ಯುರಾಂಡ್ ಕಪ್ಪನ್ನೂ ತಂತು, ಮೋಹನ್ ಬಗಾನ್‌ನ ಸೋಲಿಸಿ. ರೋವರ್ಸ್ ಕಪ್ ಅಂತೂ 1954ರವರೆಗೆ ಸತತ ಐದು ವರ್ಷ ಮನೆಗೇ ಬಂತು.

ಹೈದರಾಬಾದಿನಿಂದ ಮುಂಬೈ ಕಡೆ ಹೋಗೋ ಹಳಿ ತಾಂಡೂರು, ಸೇಡಂ, ಚಿತ್ತಾಪುರ ದಾಟಿ ವಾಡಿಗೆ ಬಂದು ದೊಡ್ಡ ಲೈನ್ ಸೇರತ್ತೆ, ಆಮೇಲೆ ಶಹಾಬಾದ್, ಕಲಬುರಗಿ, ಸೊಲ್ಲಾಪುರ. ವಾಡಿ ಸ್ಟೇಷನ್ನಿನಲ್ಲಿ ಕೂತಾಗಲೆಲ್ಲ ನನಗೊಂದು ಕಲ್ಪನೆ ಬರತ್ತೆ. ಗಾಡಿ ನಿಂತಿದೆ, ಬೂಟು ತುಂಬಿದ ಟ್ರಂಕುಗಳ ಪಕ್ಕ ಪೊಲೀಸ್ ತಂಡದ ಹುಡುಗರು ಚಹಾ ಕುಡೀತಿದ್ದಾರೆ, ಕಿಟಕಿಯಲ್ಲಿ ಗಂಭೀರ ಮುಖದ ಒಬ್ಬ ಮಾಸ್ತರ. ಕಲ್ಪನೆ ಅಷ್ಟೇ, ಬಿಡಿ. ದಾರಿ ಮಾತ್ರ ಕಲ್ಪನೆ ಅಲ್ಲ.

ರಾಷ್ಟ್ರೀಯ ತಂಡವೂ ಅವರ ಕೈಗೆ ಬಂತು. 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಗೇಮ್ಸ್, ಫೈನಲ್‌ನಲ್ಲಿ ಇರಾನ್ ವಿರುದ್ಧ 1-0, ಚಿನ್ನ. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ನೆಲ ಕಂಡಿತು. ಯುಗೊಸ್ಲಾವಿಯ ಹತ್ತು ಗೋಲು ಹೊಡೀತು. ನಮ್ಮದು ಒಂದು, ಅದನ್ನ ಹೊಡೆದಿದ್ದು ಬೆಂಗಳೂರಿನ ಅಹ್ಮದ್ ಖಾನ್. ಚಳಿಯಲ್ಲಿ, ಬಹುತೇಕರು ಬರಿಗಾಲಲ್ಲಿ ಆಡಿದ್ದರು. ಬರಿಗಾಲನ್ನ ದೇಶದ ಹೆಮ್ಮೆ ಅಂತ ಹಾಡಿ ಹೊಗಳೋರು ಈಗಲೂ ಇದ್ದಾರೆ. ಆ ಸೋಲಿನ ಮೇಲೆ ಬೂಟು ಕಡ್ಡಾಯವಾಯಿತು, ರಹೀಮ್ ಆಟದ ವಿನ್ಯಾಸವನ್ನೂ ಬದಲಿಸುತ್ತ ಹೋದರು. ಮುಂದಿನ ಸಾಲಿನ ಒಬ್ಬ ಆಟಗಾರನನ್ನ ಹಿಂದೆ ಎಳೆದು, ಎದುರಾಳಿ ಡಿಫೆಂಡರ್‌ಗೆ ಯಾರನ್ನ ಕಾಯಬೇಕು ಅಂತ ತಿಳೀದ ಹಾಗೆ ಮಾಡಿದರು. ಬ್ರೆಜಿಲ್‌ಗಿಂತ ಮೊದಲೇ 4-2-4 ಆಡಿಸಿದರು ಅಂತ ಅಭಿಮಾನಿಗಳು ಹೇಳ್ತಾರೆ. ಇಂಥ ‘ಮೊದಲೇ’ಗಳನ್ನ ನಾನು ಸ್ವಲ್ಪ ಅನುಮಾನದಿಂದಲೇ ಕೇಳೋದು. ಬ್ರೆಜಿಲ್ ಪಕ್ಕಕ್ಕಿಟ್ಟರೂ ರಹೀಮ್ ಸಣ್ಣವರಾಗಲ್ಲ.

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯವೇ ನಕಾಶೆಯಿಂದ ಅಳಿಸಿಹೋಯಿತು. ನಾವು ಮೈಸೂರು ರಾಜ್ಯಕ್ಕೆ, ಮರಾಠವಾಡ ಮುಂಬೈಗೆ, ತೆಲಂಗಾಣ ಆಂಧ್ರಕ್ಕೆ. ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ರಂದು, ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ಆತಿಥೇಯ ಆಸ್ಟ್ರೇಲಿಯಾವನ್ನ 4-2ರಿಂದ ಸೋಲಿಸಿತು. ನೆವಿಲ್ ಡಿಸೋಜಾ ಹ್ಯಾಟ್ರಿಕ್ ಬಾರಿಸಿದರು. ಒಲಿಂಪಿಕ್ಸ್ ಫುಟ್‌ಬಾಲ್ ಸೆಮಿಫೈನಲ್ ತಲುಪಿದ ಮೊದಲ ಏಷ್ಯನ್ ದೇಶ ನಾವು. ಕೊನೆಗೆ ಸಿಕ್ಕಿದ್ದು ನಾಲ್ಕನೇ ಸ್ಥಾನ. ಆ ತಂಡದಲ್ಲಿ ಅಜೀಜುದ್ದೀನ್, ಲತೀಫ್, ನೂರ್ ಮೊಹಮ್ಮದ್, ಬಲರಾಮ್ ಅಂತ ಹೈದರಾಬಾದಿನ ಹುಡುಗರ ದಂಡೇ ಇತ್ತು, ಜೊತೆಗೆ ಮೈಸೂರು ರಾಜ್ಯದ ಕೆಂಪಯ್ಯ. ನಮ್ಮ ಹಳೇ ರಾಜ್ಯ, ಹೊಸ ರಾಜ್ಯ ಎರಡೂ ಒಂದೇ ಜೆರ್ಸಿಯಲ್ಲಿ. ಇನ್ನೊಂದು ತಮಾಷೆ: ರಾಜ್ಯ ಇಲ್ಲವಾದ ಮೇಲೂ ಹೈದರಾಬಾದ್ ಹೆಸರಿನ ತಂಡ 1956-57, 1957-58ರ ಸಂತೋಷ್ ಟ್ರೋಫಿ ಎರಡನ್ನೂ ಗೆದ್ದಿತು.

ರೋಮ್‌ಗೆ ಬರೋಣ. 1960ರಲ್ಲಿ ಫ್ರಾನ್ಸ್ ಜೊತೆ 1-1 ಡ್ರಾ, ಹಂಗೇರಿ ಎದುರು 2-1ರ ಸೋಲು. ಹೋರಾಡಿದ ತಂಡ. ಆ ತಂಡದಲ್ಲೇ ಮಗ ಹಕೀಮ್ ಇದ್ದರು, ಆದರೆ ಒಂದೂ ಪಂದ್ಯಕ್ಕೆ ಇಳಿಯಲಿಲ್ಲ. ಹನ್ನೊಂದು ಜನರ ಪಟ್ಟಿ ಬರೆಯೋ ಕೈ ಅಪ್ಪಂದೇ. ಅಪ್ಪ ಎಂಎಲ್ಎ ಅಂದ್ರೆ ಮಗನಿಗೆ ಜಿಲ್ಲಾ ಪಂಚಾಯಿತಿ ಟಿಕೆಟ್ ಅನ್ನೋ ನಾಡಿನಲ್ಲಿ ಕೂತು ಇದನ್ನ ಓದಬೇಕು ನೀವು. ಆ ಮಗ ಮುಂದೆ ತಾನಾಗೇ ಬೆಳೆದರು. 1998ರಲ್ಲಿ ಅವರ ತರಬೇತಿಯ ಮಹೀಂದ್ರಾ ತಂಡ ಈಸ್ಟ್ ಬೆಂಗಾಲ್ ಸೋಲಿಸಿ ಡ್ಯುರಾಂಡ್ ಕಪ್ ಎತ್ತಿತು. 2017ರಲ್ಲಿ ಧ್ಯಾನ್‌ಚಂದ್ ಪ್ರಶಸ್ತಿ ಬಂತು.

ಕೊನೆಯ ಅಧ್ಯಾಯ 1962ರ ಜಕಾರ್ತ ಏಷ್ಯನ್ ಗೇಮ್ಸ್. ರಹೀಮ್ ಅವರ ಶ್ವಾಸಕೋಶವನ್ನ ಕ್ಯಾನ್ಸರ್ ತಿನ್ನುತ್ತಿತ್ತು. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾ 2-0ರಿಂದ ಬಗ್ಗುಬಡಿಯಿತು. ಥಾಯ್ಲೆಂಡ್ ಪಂದ್ಯದಲ್ಲಿ ಡಿಫೆಂಡರ್ ಜರ್ನೈಲ್ ಸಿಂಗ್ ತಲೆ ಒಡೆದುಕೊಂಡು ಹೊಲಿಗೆ ಹಾಕಿಸಿಕೊಂಡರು. ಇಂಡೊನೇಷ್ಯ ಸರ್ಕಾರ ಇಸ್ರೇಲ್, ತೈವಾನ್‌ಗಳನ್ನ ಹೊರಗಿಟ್ಟಿದ್ದನ್ನ ಭಾರತದ ಕ್ರೀಡಾ ಅಧಿಕಾರಿ ಜಿ.ಡಿ. ಸೋಂಧಿ ಪ್ರಶ್ನಿಸಿದ್ದಕ್ಕೆ ಊರಿಗೆ ಊರೇ ಉರಿದು ಬಿದ್ದಿತ್ತು. ನಮ್ಮ ರಾಯಭಾರ ಕಚೇರಿ ಮೇಲೆ ದಾಳಿಯೂ ಆಯಿತು. ಇಂಥಾದ್ದರಲ್ಲಿ ರಹೀಮ್, ತಲೆಗೆ ಪಟ್ಟಿ ಕಟ್ಟಿಕೊಂಡ ಜರ್ನೈಲ್‌ರನ್ನ ರಕ್ಷಣೆಗೆ ಬಿಡದೆ ಮುಂದೆ, ಗೋಲು ಹೊಡೆಯೋ ಜಾಗಕ್ಕೆ ತಂದು ನಿಲ್ಲಿಸಿದರು. ಸೆಮಿಫೈನಲ್‌ನಲ್ಲಿ ಗೋಲು ಬಂತು. ಸೆಪ್ಟೆಂಬರ್ 4ರ ಫೈನಲ್ ಮತ್ತೆ ಅದೇ ಕೊರಿಯಾ ಎದುರು. ಹಿಂದಿನ ರಾತ್ರಿ ಆಟಗಾರರನ್ನ ಕೂರಿಸಿಕೊಂಡು ಅವರು ತಮಗೊಂದು ಉಡುಗೊರೆ ಬೇಡಿದರಂತೆ, ನಾಳೆಯ ಚಿನ್ನ. ಸುಮಾರು ಲಕ್ಷ ಜನ ಭಾರತದ ವಿರುದ್ಧ ಕೂಗುತ್ತಿರುವಾಗ ಪಿ.ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಒಂದು. 2-1.

1963ರ ಜೂನ್ 11ರಂದು ರಹೀಮ್ ತೀರಿಕೊಂಡರು. 53 ವರ್ಷ. ಏಷ್ಯನ್ ಗೇಮ್ಸ್ ಫುಟ್‌ಬಾಲ್ ಚಿನ್ನ ಆಮೇಲೆ ಭಾರತಕ್ಕೆ ಬಂದಿಲ್ಲ.

ಹಳೇ ಹೈದರಾಬಾದ್ ಅಂದ್ರೆ ನಮ್ಮ ಕಡೆ ಎರಡೇ ಚಿತ್ರ: ಒಂದು ನಿಜಾಮನ ಖಜಾನೆ, ಇನ್ನೊಂದು ಖಾಸಿಂ ರಜ್ವಿ. ಈ ಎರಡರ ನಡುವೆ ಸಂಬಳಕ್ಕೆ ಪಾಠ ಹೇಳಿಕೊಂಡಿದ್ದ ಮಾಸ್ತರ ಕಾಣಿಸೋದೇ ಇಲ್ಲ. 371ಜೆ ಅಡಿ ಎಷ್ಟು ಹುದ್ದೆ ತುಂಬಿದರು ಅಂತ ನಾವು ಗಂಟೆಗಟ್ಟಲೆ ವಾದ ಮಾಡ್ತೀವಿ, ಸರಿಯೇ. ಆದರೆ ಪಿ.ಟಿ. ಮಾಸ್ತರ ಇಲ್ಲದ ಸಾಲಿ ಬಗ್ಗೆ ಧರಣಿ ಕೂತಿದ್ದನ್ನ ನಾನಂತೂ ನೋಡಿಲ್ಲ. ನಾನು ಓದಿದ ಕಡೆ ಆಟದ ಪೀರಿಯಡ್ಡನ್ನ ಗಣಿತದವರು ನುಂಗುತ್ತಿದ್ದರು. ಪರೀಕ್ಷೆ ಹತ್ತಿರ ಬಂದರೆ ಚೆಂಡು ಬೀರುವಿಗೆ ಹೋಗಿ ಬೀಗ ಬೀಳುತ್ತಿತ್ತು.

ಹೋದ ಚಳಿಗಾಲ ಚಿಂಚೋಳಿ ಕಡೆ ಗೆಳೆಯನ ಊರಿಗೆ ಹೋಗಿದ್ದೆ. ರೈಲಿಲ್ಲದ ತಾಲೂಕು, ಬಸ್ಸಿನಲ್ಲಿ ಸೊಂಟ ಮುರಕೊಂಡು ತಲುಪಿದ್ದು. ಸಂಜೆ ಬಯಲಿನಲ್ಲಿ ಹುಡುಗ್ರು ಹಳೇ ರಬ್ಬರ್ ಚೆಂಡು ಒದೀತಿದ್ದರು. ಎಡಗಾಲಲ್ಲಿ ಮಾತ್ರ ಆಡೋಣ ಅಂತ ಹೇಳಿಕೊಟ್ಟೆ. ಮೊದಲ ಹತ್ತು ನಿಮಿಷ ಬರೀ ನಗು, ಒದ್ದವರೇ ಬೀಳೋದು. ಆಮೇಲೆ ನಗು ನಿಂತಿತು. ಕತ್ತಲಾಗಿ ಚೆಂಡು ಕಾಣದೇ ಹೋಗೋ ಹೊತ್ತಿಗೆ ಒಂದು ಗೋಲಾಗಿತ್ತು. ಹೊಡೆದವನು ತನ್ನ ಎಡಗಾಲನ್ನೇ ನೋಡ್ತಾ ನಿಂತಿದ್ದ.