ಅಂಗಳ ಗುಡಿಸಿದ ಶರಣೆ ಸತ್ಯಕ್ಕ

ಇಂದಿನ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕು ಶರಣರು ಹುಟ್ಟಿದ ಪುಣ್ಯಭೂಮಿ. ಅಲ್ಲಮಪ್ರಭುದೇವರ ಬಳ್ಳಿಗಾವೆ, ಅಕ್ಕಮಹಾದೇವಿಯವರ ಉಡುತಡಿ ಎರಡೂ ಅಲ್ಲಿವೆ. ಅದೇ ಸೀಮೆಯ ಜಂಬೂರಿನಲ್ಲಿ 12ನೆಯ ಶತಮಾನದಲ್ಲಿ ಬಾಳಿದ ಮಹಾತಾಯಿ ಸತ್ಯಕ್ಕ. ಶಂಭುಜಕ್ಕೇಶ್ವರ ಆಕೆಯ ಆರಾಧ್ಯದೈವ. ಆಕೆಯ ವಚನಗಳ ಅಂಕಿತವೂ ಅದೇ. ಆಕೆ ಕೈಗೊಂಡ ಕಾಯಕವಾದರೋ ಶಿವಭಕ್ತರ ಮನೆಯಂಗಳ ಗುಡಿಸುವುದು.

ಕೊಟ್ಟಣ ಕುಟ್ಟಿದ ಸೋಮವ್ವ, ನೂಲು ತೆಗೆದ ರೆಮ್ಮವ್ವ, ಕಸ ಗುಡಿಸಿದ ಸತ್ಯಕ್ಕ, ಇವರೆಲ್ಲ ವಚನಕಾರ್ತಿಯರು. ಕಸಬರಿಗೆ ಹಿಡಿದ ಕೈಯೇ ವಚನ ಬರೆಯಿತು. ಹೆಣ್ಣು ಗಂಡು ಎಂಬ ಭೇದ ದೇಹದ ಕುರುಹಿನಲ್ಲಿಲ್ಲವೆಂದು ಆಕೆ ಅಂದೇ ವಾದಿಸಿದಳು.

ಪರರ ಅಂಗಳ ಗುಡಿಸುವವರ ಕಣ್ಣಿಗೆ ಬೀಳದ್ದು ಯಾವುದು? ಉದುರಿದ ನಾಣ್ಯ, ಕಳಚಿದ ಉಂಗುರ, ಜಾರಿದ ವಸ್ತ್ರ ಎಲ್ಲವೂ ಮೊದಲು ಸಿಗುವುದು ಅವರಿಗೇ. ಸತ್ಯಕ್ಕ ಇದಕ್ಕೆ ಮೊದಲೇ ಕಟ್ಟು ಹಾಕಿಕೊಂಡಳು. ದಾರಿಯಲ್ಲಿ ಹೊನ್ನು ಬಿದ್ದಿರಲಿ, ವಸ್ತ್ರ ಬಿದ್ದಿರಲಿ, ಕೈಮುಟ್ಟಿ ಎತ್ತುವುದಿಲ್ಲ. ಲಂಚಕ್ಕೂ ವಂಚನೆಗೂ ಕೈಚಾಚುವುದಿಲ್ಲ ಎಂದು ಶಿವನ ಮೇಲೆ, ಪ್ರಮಥರ ಮೇಲೆ ಆಣೆಯಿಟ್ಟಳು. ಶಿವನಿಕ್ಕಿದ ಭಿಕ್ಷದಲ್ಲಿ ಬದುಕುವವಳಿಗೆ ಬಿದ್ದ ಹೊನ್ನೂ ಅಂಗಳದ ಕಸದ ಸಾಲಿಗೇ ಸೇರಿತು.

ಕಾಯಕ ಶುದ್ಧವಾಗಿದ್ದರೆ ಸಾಲದು, ಅದರ ಸಾಧನವೂ ಶುದ್ಧವಿರಬೇಕು. ಇದನ್ನು ನಮ್ಮ ಹಳ್ಳಿಯ ಹಿರಿಯ ತಾಯಂದಿರು ಬಲ್ಲರು. ಕೊಟ್ಟಿಗೆಯ ಕಸಬರಿಗೆ ಅಡುಗೆಮನೆಗೆ ಬರುತ್ತಿರಲಿಲ್ಲ. ಅಂಗಳದ ತೆಂಗಿನಕಡ್ಡಿಯ ಕಸಬರಿಗೆಗೆ ಕೆಸರು ಮೆತ್ತಿದರೆ ನೀರಿನಲ್ಲಿ ಜಾಲಾಡಿ, ಕೊಡವಿ, ಬಿಸಿಲಿಗೆ ತೂಗುಹಾಕುತ್ತಿದ್ದರು. ಕಡ್ಡಿ ಸಡಿಲವಾದರೆ ಬುಡವನ್ನು ನೆಲಕ್ಕೆ ಕುಟ್ಟಿ ಸಮಮಾಡಿ ಹುರಿ ಬಿಗಿಯುತ್ತಿದ್ದರು. ಒಳಮನೆಯ ಹುಲ್ಲಿನ ಕಸಬರಿಗೆ ತೊಯ್ದರೆ ಕೊಳೆಯುತ್ತದೆ. ಅದಕ್ಕೆ ಕೊಡವುವುದು, ಬಿಸಿಲು ತೋರಿಸುವುದು ಇಷ್ಟೇ. ನೆಲ ಒರೆಸುವ ಅರಿವೆಯನ್ನು ಬಿಸಿನೀರಿನಲ್ಲಿ ಒಗೆದು ಒಣಗಿಸಬೇಕು. ಹಸಿಯಾಗಿಯೇ ಮೂಲೆಗೆ ಮುದುರಿ ಹಾಕಿದ ಅರಿವೆ ಮರುದಿನ ನೆಲಕ್ಕೆ ಹಚ್ಚುವುದು ಹಿಂದಿನ ದಿನದ ಕೊಳೆಯನ್ನೇ. ಒಗೆದರೂ ನಾತ ಹೋಗದಿದ್ದರೆ ಅದರ ಆಯುಷ್ಯ ಮುಗಿಯಿತೆಂದೇ ತಿಳಿಯಬೇಕು.

ಕಡ್ಡಿ ಸವೆದ ಕಸಬರಿಗೆಯೂ ಹಾಗೆಯೇ. ಅದು ಕಸ ತೆಗೆಯುವುದಿಲ್ಲ, ಧೂಳೆಬ್ಬಿಸುತ್ತದೆ. ಅದನ್ನು ಕೊಟ್ಟಿಗೆಗೆ ಇಳಿಸಿ, ಅಲ್ಲಿಯೂ ಸವೆದ ಮೇಲೆ ತಿಪ್ಪೆಗೆ ಸೇರಿಸಿದರೆ ಗೊಬ್ಬರವಾದೀತು. (ಪ್ಲಾಸ್ಟಿಕ್ಕಿನದಕ್ಕೆ ಆ ಭಾಗ್ಯವಿಲ್ಲ.) ಆದರೆ ಹೊಸದು ತರಲು ಇಂದು ಅಮಾವಾಸ್ಯೆ, ನಾಳೆ ಶುಕ್ರವಾರ ಎಂದು ದಿನ ನೋಡುವವರಿದ್ದಾರೆ. ಶರಣರು ತಿಥಿ ನಕ್ಷತ್ರಗಳ ಗೊಡವೆಗೆ ಹೋದವರಲ್ಲ. ಅಂಗಳದ ಕಸವೂ ಮುಹೂರ್ತ ಕೇಳಿ ಬೀಳುವುದಿಲ್ಲ.

ಕಸಬರಿಗೆಗೆ ಕಾಲು ತಾಕಿದರೆ ಕಣ್ಣಿಗೊತ್ತಿಕೊಳ್ಳುತ್ತೇವೆ. ಅದನ್ನು ಹಿಡಿದು ಬೀದಿ ಗುಡಿಸುವವರು ಬಾಗಿಲಿಗೆ ಬಂದು ನೀರು ಕೇಳಿದರೆ ಲೋಟ ಬೇರೆ ಹುಡುಕುತ್ತೇವೆ. ಸತ್ಯಕ್ಕನ ಹೆಸರು ಹೇಳುವ ನಾವು ಯಾವ ಮುಖದಿಂದ ಹೀಗೆ ನಡೆಯುತ್ತೇವೆ?

ಜಾತ್ರೆ ಬಂದರೆ ದಾಸೋಹಕ್ಕೆ ಅಕ್ಕಿ, ಬೇಳೆ, ಬೆಲ್ಲ ತರುವ ಭಕ್ತರು ಬಹಳ. ತೇರು ಎಳೆದ ಮರುದಿನ ಅಂಗಳ ಗುಡಿಸುವವರ ಕೈಯಲ್ಲಿ ಮಾತ್ರ ಹೋದ ವರ್ಷದ ಮೋಟು ಕಸಬರಿಗೆಯೇ ಇರುತ್ತದೆ. ಈ ಸಲ ಬರುವವರು ಅಕ್ಕಿಯ ಚೀಲದ ಜೊತೆಗೆ ನಾಲ್ಕು ಹೊಸ ಕಸಬರಿಗೆ ತರಲಿ. ಬೆಳಗಿನ ಜಾವ ಒಂದನ್ನು ತಾವೂ ಹಿಡಿಯಲಿ.